ಬಿರುಕು ಬಿಟ್ಟ ಮುಚ್ಚಳ, ಕಳೆದುಹೋದ ಬೀಗದಕೈ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆಯ ಮರದ ಪೆಟ್ಟಿಗೆಗಳವು. ಕುರ್ಚಿ, ತೊಟ್ಟಿಲು, ಕಪಾಟುಗಳ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ತೆಗೆದಿಟ್ಟು ಪೂರ್ತಿ ಜಾಗವನ್ನು ಪೆಟ್ಟಿಗೆಗಳಿಗೇ ಕೊಟ್ಟಿದ್ದೇನೆ. ಉದ್ದದ ಪತ್ರಗಳನ್ನು ಮೊಟಕುಗೊಳಿಸಿದ್ದೇನೆ. ಒಂದೇ ಬಗೆಯ ಪ್ರಶ್ನೆ ಕೇಳಿದವರು ಇಲ್ಲಿರುವ ಉತ್ತರವನ್ನು ತಮಗೂ ಬರೆದದ್ದೆಂದು ತಿಳಿಯಬೇಕು.

ಪ್ರಶ್ನೆ: ಮುತ್ತಜ್ಜಿ ಮದುವೆಯಾಗಿ ಬರುವಾಗ ತವರಿನಿಂದ ತಂದ ಹಲಸಿನ ಮರದ ಪೆಟ್ಟಿಗೆ ಸಾಗರದ ಹತ್ತಿರದ ನಮ್ಮ ಊರಮನೆಯ ಅಟ್ಟದಲ್ಲಿತ್ತು. ಮನೆ ಕೊಟ್ಟ ಮೇಲೆ ಅದನ್ನು ಬೆಂಗಳೂರಿನ ಫ್ಲ್ಯಾಟಿಗೆ ತಂದೆವು. ಕಳೆದ ಮಾರ್ಚ್‌ನಲ್ಲಿ ಒಂದು ರಾತ್ರಿ ಫಟ್ಟೆಂದು ಸದ್ದಾಯಿತು. ಬೆಳಿಗ್ಗೆ ನೋಡಿದರೆ ಮುಚ್ಚಳದಲ್ಲಿ ಈ ತುದಿಯಿಂದ ಆ ತುದಿಗೆ ಬಿರುಕು. ಫೆವಿಕಾಲ್‌ಗೆ ಮರದ ಪುಡಿ ಕಲಸಿ ತುಂಬಿ, ಪೆಟ್ಟಿಗೆಯನ್ನು ಪೂರ್ತಿ ಉಜ್ಜಿ ಮೆಲಮೈನ್ ಪಾಲಿಶ್ ಹೊಡೆದರೆ ಹೊಸದರ ಹಾಗಾಗುತ್ತದೆ ಎಂದು ಬಡಗಿ ಹೇಳುತ್ತಾರೆ. ಮಾಡಿಸಲೇ?
(ಓದುಗರು, ಬೆಂಗಳೂರು)

ಉತ್ತರ: ಬೇಡ. ಈ ವರ್ಷವಂತೂ ಖಂಡಿತ ಬೇಡ. ಬಿರುಕು ಯಾಕೆ ಬಂತೆಂದು ತಿಳಿಯದೆ ತುಂಬಿಸಿದರೆ ಬರುವ ಮಳೆಗಾಲದಲ್ಲೋ ಅದರಾಚೆಯ ಬೇಸಿಗೆಯಲ್ಲೋ ಅದರ ಪಕ್ಕದಲ್ಲೇ ಇನ್ನೊಂದು ಬಿರುಕು ಕಾಣಿಸಿಕೊಳ್ಳುತ್ತದೆ.

ಮುಚ್ಚಳ ಎತ್ತಿ ಅದರ ಒಳಮೈ ನೋಡಿ. ಹಲಗೆ ಬಾಗದಿರಲೆಂದು ಹಾಕಿದ ಎರಡೋ ಮೂರೋ ಅಡ್ಡಪಟ್ಟಿಗಳು ಇರುತ್ತವೆ. ಅವನ್ನು ಕಬ್ಬಿಣದ ಮೊಳೆ ಹೊಡೆದು ಹಲಗೆಗೆ ಬಿಗಿಮಾಡಿರುತ್ತಾರೆ. ಮರ ಗಾಳಿಯ ತೇವ ಹೀರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಈ ಹಿಗ್ಗು ಕುಗ್ಗು ಮರದ ಎಳೆಯ ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ, ಎಳೆಗೆ ಅಡ್ಡಲಾಗಿ ಜೋರು. ಒಂದೂವರೆ ಅಡಿ ಅಗಲದ ಹಲಗೆ ಮಲೆನಾಡಿನ ಆಷಾಢದಿಂದ ಬೆಂಗಳೂರಿನ ಮಾರ್ಚ್‌ಗೆ ಬಂದರೆ ನಾಲ್ಕೈದು ಮಿಲಿಮೀಟರ್ ಕುಗ್ಗಿದರೂ ಆಶ್ಚರ್ಯವಿಲ್ಲ. ಹಲಗೆಗೆ ಕುಗ್ಗಬೇಕು. ಅಡ್ಡಪಟ್ಟಿಯ ಎಳೆ ಹಲಗೆಯ ಅಗಲಕ್ಕೆ ಓಡುವುದರಿಂದ ಅದು ಕುಗ್ಗುವುದಿಲ್ಲ, ಮೊಳೆಗಳು ಹಲಗೆಯ ಎರಡು ಅಂಚನ್ನೂ ಬಿಡುವುದಿಲ್ಲ. ಕೊನೆಗೆ ಹಲಗೆ ತನ್ನಲ್ಲಿ ಎಲ್ಲಿ ಬಲ ಕಡಿಮೆಯೋ ಅಲ್ಲಿ ಸೀಳುತ್ತದೆ. ನೀವು ಕೇಳಿದ್ದು ಆ ಸದ್ದು. ಸಾಗರದ ಅಟ್ಟದಲ್ಲಿ ಬೇಸಿಗೆಯಲ್ಲೂ ಗಾಳಿ ಇಷ್ಟು ಒಣಗುತ್ತಿರಲಿಲ್ಲ, ಹಾಗಾಗಿ ಪೆಟ್ಟಿಗೆ ಇಷ್ಟು ಕಾಲ ತಡೆದುಕೊಂಡಿತ್ತು.

ಈಗ ಬಿರುಕಿನ ಬಾಯಿ ಅಗಲವಾಗಿರುವ ಕಾಲ. ಇದೇ ಹೊತ್ತಿನಲ್ಲಿ ಫೆವಿಕಾಲ್ ಮತ್ತು ಮರದ ಪುಡಿ ತುಂಬಿದರೆ ಅದು ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಜುಲೈನಲ್ಲಿ ಹಲಗೆ ಹಿಗ್ಗಲು ಹೋದಾಗ ಜಾಗ ಇರುವುದಿಲ್ಲ. ಆಗ ತುಂಬಿದ್ದು ಉಬ್ಬಿ ಹೊರಬರುತ್ತದೆ, ಇಲ್ಲವೆ ಅಂಚಿನ ಮರ ಜಜ್ಜಿಹೋಗುತ್ತದೆ. ಕ್ಲ್ಯಾಂಪ್ ಹಾಕಿ ಎಳೆದು ಮುಚ್ಚಿಸಿದರಂತೂ ಹಲಗೆಯೊಳಗೆ ಎಳೆತ ಹಾಗೇ ಉಳಿದು ಮುಂದಿನ ಬೇಸಿಗೆಗೆ ಕಾಯುತ್ತದೆ.

ಒಂದು ಪೆನ್ಸಿಲ್ ತೆಗೆದುಕೊಂಡು ಬಿರುಕಿನ ಆರಂಭ, ನಡು, ಕೊನೆ ಮೂರು ಕಡೆ ಮುಚ್ಚಳದ ಒಳಮೈಯಲ್ಲಿ ಗುರುತು ಹಾಕಿ, ಅಲ್ಲಿನ ಅಗಲ ಅಳೆದು ತಾರೀಖಿನೊಂದಿಗೆ ಬರೆದಿಡಿ. ಆಗಸ್ಟ್‌ನಲ್ಲಿ ಮತ್ತೆ ಅಳೆಯಿರಿ. ಮಳೆಗಾಲದಲ್ಲಿ ಬಿರುಕು ಬಹುಪಾಲು ಮುಚ್ಚಿಕೊಳ್ಳುವುದಾದರೆ ನನ್ನ ಸಲಹೆ ಸರಳ: ಹಾಗೇ ಬಿಡಿ. ಕಣ್ಣಿಗೆ ಚುಚ್ಚುತ್ತದೆ ಎನಿಸಿದರೆ ಮರದ ಬಣ್ಣಕ್ಕೆ ಹೊಂದುವ ಮೆತ್ತನೆಯ ಮೇಣ ತುಂಬಬಹುದು. ಹಲಗೆ ಹಿಗ್ಗಿದಾಗ ಮೇಣ ಹೊರಬರುತ್ತದೆ, ಒರೆಸಿ ತೆಗೆದರಾಯಿತು.

ಮಳೆಗಾಲದಲ್ಲೂ ಬಿರುಕು ತೆರೆದೇ ಇದ್ದರೆ ಆಗ ಬಡಗಿಯನ್ನು ಕರೆಯಿರಿ, ಆದರೆ ಕೆಲಸ ಬೇರೆ ಹೇಳಿ. ಅಡ್ಡಪಟ್ಟಿಯ ಮೊಳೆಗಳನ್ನು ಮೆಲ್ಲಗೆ ಕೀಳಬೇಕು. ನಡುವಿನ ಒಂದು ತೂತನ್ನು ಹಾಗೇ ಬಿಟ್ಟು ಉಳಿದವನ್ನು ಪಟ್ಟಿಯ ಉದ್ದಕ್ಕೆ ಸ್ವಲ್ಪ ಸೀಳುಗಂಡಿಯಾಗಿ ಹಿಗ್ಗಿಸಬೇಕು. ಅದರಲ್ಲಿ ವಾಷರ್ ಹಾಕಿದ ಸ್ಕ್ರೂ ಕೂರಿಸಿದರೆ ಹಲಗೆ ಹಿಂದೆ ಮುಂದೆ ಸರಿಯಲು ಅವಕಾಶ ಸಿಗುತ್ತದೆ. ಆಮೇಲೆ ಬಿರುಕಿಗೆ ಹಳೆ ಹಲಸಿನದೇ ತೆಳು ಸೀಳನ್ನು ಎಳೆಯ ದಿಕ್ಕು ಹೊಂದಿಸಿ ಕೂರಿಸಬಹುದು. ಅಡ್ಡಪಟ್ಟಿಯ ಹಿಡಿತ ಬಿಡಿಸದೆ ಈ ಸೀಳು ಹಾಕುವುದು ವ್ಯರ್ಥ.

ಇನ್ನು ಉಜ್ಜುವ ಮಾತು. ಇದರ ಬಗ್ಗೆ ನನಗೆ ಸಂಕಟವಿದೆ, ಯಾಕೆಂದರೆ ಬಿರುಕಿನಿಂದ ಕೆಟ್ಟ ಪೆಟ್ಟಿಗೆಗಳಿಗಿಂತ ಉಜ್ಜಿ ಕೆಟ್ಟ ಪೆಟ್ಟಿಗೆಗಳನ್ನೇ ಹೆಚ್ಚು ನೋಡಿದ್ದೇನೆ. ಕಡಿದ ಹೊಸತರಲ್ಲಿ ಹಲಸು ಅರಿಸಿನದಷ್ಟು ಹಳದಿ. ನಿಮ್ಮ ಪೆಟ್ಟಿಗೆಯ ಕೆಂಗಂದು ಬಣ್ಣ ಬೆಳಕು, ಗಾಳಿ, ಕೈಯ ಜಿಡ್ಡು ಸೇರಿ ನಾಲ್ಕು ತಲೆಮಾರಿನಲ್ಲಿ ಬಂದದ್ದು, ಮತ್ತು ಅದು ಇರುವುದು ಮೇಲಿನ ಕೂದಲೆಳೆಯಷ್ಟು ಪದರದಲ್ಲಿ. ಮರಳು ಕಾಗದ ಅದನ್ನು ಅರ್ಧ ದಿನದಲ್ಲಿ ತೆಗೆದುಬಿಡುತ್ತದೆ. ಒಳಗಿನಿಂದ ಹಳದಿ ಮರ ಕಾಣಿಸಿದಾಗ ಬಡಗಿ ಅದಕ್ಕೆ ಬಣ್ಣ ಹಚ್ಚಿ ಮರೆಸುತ್ತಾರೆ. ಅದರ ಮೇಲೆ ಕೂತ ಮೆಲಮೈನ್ ಪದರವನ್ನು ಮತ್ತೆ ಉಜ್ಜದೆ ತೆಗೆಯುವುದು ಬಹಳ ಕಷ್ಟ.

ಶುಚಿಗೊಳಿಸಲು ಮೊದಲು ಮೆತ್ತನೆಯ ಬ್ರಷ್‌ನಿಂದ ಸಂದುಗೊಂದಿನ ದೂಳು ತೆಗೆಯಿರಿ. ಒಂದು ಬಟ್ಟಲು ನೀರಿಗೆ ಎರಡು ಹನಿ ಸೌಮ್ಯ ಸೋಪು ಹಾಕಿ, ಹತ್ತಿಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಹಿಂಬದಿಯ ಮೂಲೆಯಲ್ಲಿ ಒರೆಸಿ ನೋಡಿ. ಬಟ್ಟೆಗೆ ಕೊಳೆ ಮಾತ್ರ ಬಂದರೆ ಮುಂದುವರಿಯಿರಿ, ಬಣ್ಣ ಬಂದರೆ ನಿಲ್ಲಿಸಿ. ಒರೆಸಿದ ಕೂಡಲೇ ಒಣಬಟ್ಟೆ ಆಡಿಸಿ. ಎರಡು ದಿನ ಬಿಟ್ಟು ಮೇಣ ಹಚ್ಚಬಹುದು: ತೂಕದಲ್ಲಿ ಒಂದು ಪಾಲು ಜೇನುಮೇಣ, ಮೂರು ಪಾಲು ಟರ್ಪೆಂಟೈನ್. ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಒಲೆ ಆರಿಸಿ, ಬೇರೆ ಕೋಣೆಗೆ ಒಯ್ದು ಟರ್ಪೆಂಟೈನ್ ಬೆರೆಸಿ. ಅದು ಥಟ್ಟನೆ ಬೆಂಕಿ ಹಿಡಿಯುವ ದ್ರವ. ತಣ್ಣಗಾದ ಮೇಲೆ ತೆಳುವಾಗಿ ಹಚ್ಚಿ ಮರುದಿನ ಬಟ್ಟೆಯಿಂದ ಹೊಳಪು ಬರಿಸಿ. ತೆಂಗಿನೆಣ್ಣೆ ಹಚ್ಚಬೇಡಿ. ಅದು ಒಣಗುವುದೇ ಇಲ್ಲ. ಜಿಡ್ಡಾಗಿ ಉಳಿದು ದೂಳು ಹಿಡಿಯುತ್ತದೆ, ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಒಣಗುವ ಎಣ್ಣೆ, ಆದರೆ ಅದು ಮರವನ್ನು ವರ್ಷ ವರ್ಷಕ್ಕೂ ಕಪ್ಪಾಗಿಸುತ್ತದೆ. ಅಲ್ಲದೆ ಅದರಲ್ಲಿ ನೆನೆದ ಬಟ್ಟೆಯನ್ನು ಮುದ್ದೆಮಾಡಿ ಬಿಸಾಕಿದರೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಅದನ್ನು ಬಳಸುವವರು ಬಟ್ಟೆಯನ್ನು ಹೊರಗೆ ಬಿಡಿಸಿ ಹರವಿ ಒಣಗಿಸಬೇಕು.

ಪೆಟ್ಟಿಗೆಯನ್ನು ಎಸಿ ಗಾಳಿ ನೇರ ಬೀಳುವಲ್ಲಿ, ಪಡುವಣ ಬಿಸಿಲು ತಾಗುವ ಗೋಡೆಗೆ ಇಡಬೇಡಿ. ನೆಲ ಒರೆಸುವ ನೀರು ತಳಕ್ಕೆ ತಾಗದಂತೆ ಎರಡು ಮಣೆಗಳ ಮೇಲಿಡಿ.

ಪ್ರಶ್ನೆ: ನಾನು ಬಡಗಿ. ಹಿಂದೆ ನೀವು ಹಳೆ ಪೆಟ್ಟಿಗೆಯ ಮೂಲೆ ಬಿಟ್ಟರೆ ಸರೇಸಿನಿಂದಲೇ ಅಂಟಿಸಬೇಕು ಎಂದು ಬರೆದಿದ್ದಿರಿ. ಸ್ವಾಮಿ, ಫೆವಿಕಾಲ್ ಹಾಕಿದ ಕೂಡು ಮುರಿಯಲು ಹೋದರೆ ಮರವೇ ಮುರಿಯುತ್ತದೆ, ಕೂಡು ಬಿಡುವುದಿಲ್ಲ. ಸರೇಸು ಕಾಯಿಸುವ ವಾಸನೆ, ರಗಳೆ ಯಾಕೆ?
(ಓದುಗರು, ಉಡುಪಿ ಜಿಲ್ಲೆ)

ಉತ್ತರ: ನಿಮ್ಮ ಮಾತು ನಿಜ, ಮತ್ತು ನನ್ನ ಭಯ ಇರುವುದೂ ಅಲ್ಲೇ. ನೀವು ಹೊಸ ಬಾಗಿಲು ಮಾಡುವಾಗ ಕೂಡು ಎಂದೂ ಬಿಡಬಾರದು. ನೂರು ವರ್ಷದ ಪೆಟ್ಟಿಗೆಯಲ್ಲಿ ಎಳೆತ ಬಂದಾಗ ಬಿಡಬೇಕಾದದ್ದು ಕೂಡು, ಮುರಿಯಬಾರದ್ದು ಮರ. ಬಿಟ್ಟ ಕೂಡನ್ನು ಮತ್ತೆ ಅಂಟಿಸಬಹುದು. ಮುರಿದ ಡವ್‌ಟೇಲನ್ನು ಮತ್ತೆ ಕೆತ್ತಿ ಕೂರಿಸಿದರೆ ಆ ಜಾಗ ನಿಮ್ಮ ಕೆಲಸ ಆಯಿತು, ಆ ಹಳೆಯ ಆಚಾರಿಯ ಕೆಲಸ ಉಳಿಯಲಿಲ್ಲ.

ತೊಗಲು, ಮೂಳೆ ಬೇಯಿಸಿ ತೆಗೆದ ಸರೇಸು, ಮರವಜ್ರ ಎಂದು ಹಿರಿಯ ಆಚಾರಿಗಳು ಕರೆಯುವ ಅಂಟು, ಬಿಸಿ ಮತ್ತು ತೇವಕ್ಕೆ ಮೆತ್ತಗಾಗುತ್ತದೆ. ಹಳೆಯ ಸರೇಸಿನ ಮೇಲೆ ಹೊಸ ಸರೇಸು ಹಿಡಿಯುತ್ತದೆ, ಪೂರ್ತಿ ಕೆರೆದು ತೆಗೆಯಬೇಕೆಂದಿಲ್ಲ. ಫೆವಿಕಾಲ್ ಒಣಗಿದ ಮೇಲೆ ಮರದ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಆಮೇಲೆ ಅಲ್ಲಿ ಸರೇಸೂ ಹಿಡಿಯದು, ಹೊಸ ಫೆವಿಕಾಲೂ ಸರಿಯಾಗಿ ಹಿಡಿಯದು. ಮುಂದೆ ಆ ಪೆಟ್ಟಿಗೆ ಬಿಚ್ಚಬೇಕಾದವನು ಉಳಿ ಹಾಕಿ ಮರವನ್ನೇ ಕೆತ್ತಬೇಕಾಗುತ್ತದೆ.

ಮಾಡುವ ವಿಧಾನ ನಿಮಗೆ ಹೇಳಬೇಕಾದ್ದಿಲ್ಲ, ಓದುವ ಇತರರಿಗಾಗಿ ಬರೆಯುತ್ತೇನೆ. ಸರೇಸಿನ ಕಾಳನ್ನು ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಸಬೇಕು. ಕುದಿಸಿದರೆ ಅದರ ಶಕ್ತಿ ಹೋಗುತ್ತದೆ. ಬ್ರಷ್ ಎತ್ತಿದಾಗ ದಾರದಂತೆ ಇಳಿಯಬೇಕು, ಹನಿ ಹನಿಯಾಗಿ ಬೀಳಬಾರದು. ಮರವನ್ನೂ ಸ್ವಲ್ಪ ಬೆಚ್ಚಗೆ ಮಾಡಿಕೊಂಡು ಬೇಗ ಕೂಡಿಸಿ ಬಿಗಿಯಬೇಕು, ಯಾಕೆಂದರೆ ತಣ್ಣಗಾಗುತ್ತಲೇ ಅದು ಹಿಡಿದುಕೊಳ್ಳುತ್ತದೆ.

ಕರಾವಳಿಯಲ್ಲಿ ಸರೇಸಿಗೆ ತೊಂದರೆ ಇರುವುದೂ ನಿಜ. ಎರಡು ತಿಂಗಳು ಎಡೆಬಿಡದ ಮಳೆಯಲ್ಲಿ ಮುಚ್ಚಿದ ಕೋಣೆಯಲ್ಲಿಟ್ಟರೆ ಅದಕ್ಕೆ ಬೂಷ್ಟು ಬರುತ್ತದೆ, ಹಿಡಿತ ಸಡಿಲಾಗುತ್ತದೆ. ದಿನವೂ ನೀರು ತಾಗುವ ಅಡುಗೆಮನೆಯ ಪೆಟ್ಟಿಗೆಯಾದರೆ, ಅಥವಾ ಹಳೆ ತಳ ಕೊಳೆತುಹೋಗಿ ಪೂರ್ತಿ ಹೊಸ ಹಲಗೆಯನ್ನೇ ಹಾಕುವುದಾದರೆ, ನಿಮ್ಮ ಫೆವಿಕಾಲ್‌ಗೆ ನನ್ನ ತಕರಾರಿಲ್ಲ.

ಪ್ರಶ್ನೆ: ತಾತನ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆ ನಮ್ಮಲ್ಲಿದೆ. ಹೊರಮೈ ತೇಗ, ಒಳಗಿನ ಸಣ್ಣ ಖಾನೆಗಳು ಯಾವುದೋ ಬಿಳಿ ಮರ. ಈಚೆಗೆ ಖಾನೆಗಳ ಕೆಳಗೆ ಬೆಳಿಗ್ಗೆ ಬೆಳಿಗ್ಗೆ ಹಿಟ್ಟಿನಂಥ ಪುಡಿ ಬೀಳುತ್ತಿದೆ. ನೆರೆಯವರು ಸೀಮೆಎಣ್ಣೆ ಹೊಯ್ಯಿರಿ ಎನ್ನುತ್ತಾರೆ.
(ಓದುಗರು, ಗದಗ)

ಉತ್ತರ: ಇದು ಕುಟ್ಟೆಹುಳು. ಗೆದ್ದಲಾಗಿದ್ದರೆ ಹಿಟ್ಟಿನ ಬದಲು ಮಣ್ಣಿನ ಕೊಳವೆ ಕಾಣುತ್ತಿತ್ತು. ಎರಡಕ್ಕೂ ಮದ್ದು ಬೇರೆಬೇರೆ. ಗೆದ್ದಲು ನೆಲದಿಂದ, ಗೋಡೆಯಿಂದ ಬರುವುದು, ಹಾಗಾಗಿ ಪೆಟ್ಟಿಗೆಯನ್ನು ಸರಿಸಿ ಗೋಡೆಗೆ ಮದ್ದು ಮಾಡಬೇಕು. ಕುಟ್ಟೆಹುಳುವಿನ ಮರಿ ಮರದೊಳಗೇ ಇದ್ದು ತಿನ್ನುತ್ತಾ ಬೆಳೆದು, ರೆಕ್ಕೆ ಬಂದ ಮೇಲೆ ಗುಂಡುಸೂಜಿಯ ತಲೆಯಷ್ಟು ತೂತು ಕೊರೆದು ಹೊರಬರುತ್ತದೆ. ಅಂದರೆ ನಿಮಗೆ ಕಾಣುವ ತೂತು ಹುಳು ಹೊರಟುಹೋದ ದಾರಿ. ಅದಕ್ಕೆ ಬೇಕಾದದ್ದು ಮರದಲ್ಲಿರುವ ಪಿಷ್ಟ. ಚೇಗಿನ ಹೊರಗಿನ ಬಿಳಿ ಭಾಗದಲ್ಲಿ, ಮಾವಿನಂಥ ಹಗುರ ಮರಗಳಲ್ಲಿ ಅದು ಹೇರಳ. ತೇಗದ ಚೇಗಿಗೆ ಹುಳು ಬಾಯಿ ಹಾಕುವುದು ಅಪರೂಪ. ನಿಮ್ಮ ಪೆಟ್ಟಿಗೆಯ ಹೊರಮೈ ಕ್ಷೇಮವಾಗಿರುವುದಕ್ಕೆ, ಖಾನೆಗಳು ಪುಡಿಯಾಗುತ್ತಿರುವುದಕ್ಕೆ ಕಾರಣ ಇದೇ.

ಹುಳು ಈಗಲೂ ಜೀವಂತವಾಗಿದೆಯೋ, ಅಥವಾ ಹಳೆಯ ಸುರಂಗದ ಪುಡಿ ಅಲುಗಿದಾಗ ಉದುರುತ್ತಿದೆಯೋ ಎಂಬುದು ಮೊದಲ ಪ್ರಶ್ನೆ. ಖಾನೆಗಳನ್ನು ತಟ್ಟಿ, ದೂಳು ಪೂರ್ತಿ ತೆಗೆದು, ಕೆಳಗೆ ಕಪ್ಪು ಕಾಗದ ಹಾಸಿ, ಯಾರೂ ಮುಟ್ಟದ ಕಡೆ ಒಂದೆರಡು ವಾರ ಇಡಿ. ಕಾಗದದ ಮೇಲೆ ತಿಳಿಬಣ್ಣದ ಹೊಸ ಪುಡಿಯ ಸಣ್ಣ ಗುಪ್ಪೆಗಳು ಬಿದ್ದಿದ್ದರೆ ಹುಳು ಇದೆ.

ಸೀಮೆಎಣ್ಣೆ ಮೇಲ್ಮೈಯಲ್ಲೇ ಆರಿಹೋಗುತ್ತದೆ, ಆಳದ ಮರಿಗಳನ್ನು ಮುಟ್ಟುವುದಿಲ್ಲ. ವಾಸನೆ ಮತ್ತು ಬೆಂಕಿಯ ಭಯ ಮಾತ್ರ ಉಳಿಯುತ್ತವೆ. ಗೆದ್ದಲಿಗೆ ಬಳಸುವ ಕ್ಲೋರ್‌ಪೈರಿಫಾಸ್ ಥರದ ವಿಷವನ್ನು ಮನೆಯೊಳಗೆ ಕೈಯಾಡುವ ಪೆಟ್ಟಿಗೆಗೆ ಚುಚ್ಚಬೇಡಿ.

ಸಣ್ಣ ಖಾನೆಗಳಿಗೆ ಅತ್ಯುತ್ತಮ ಮದ್ದು ಚಳಿ, ವಸ್ತುಸಂಗ್ರಹಾಲಯಗಳೂ ಇದನ್ನೇ ಮಾಡುತ್ತವೆ. ಖಾನೆಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ದಪ್ಪ ಪಾಲಿಥೀನ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿಗೆ ಟೇಪು ಸುತ್ತಿ ಮುಚ್ಚಿ. ಮೈನಸ್ 18 ಡಿಗ್ರಿ ಅಥವಾ ಅದಕ್ಕೂ ಕಡಿಮೆ ಇರುವ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಐಸ್‌ಕ್ರೀಂ ಇಡುವ ಪೆಟ್ಟಿಗೆ ಫ್ರೀಜರ್ ಪರಿಚಯದ ಅಂಗಡಿಯಲ್ಲಿದ್ದರೆ ಕೇಳಿ. ಹೊರತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ಮರದ ಮೇಲೆ ನೀರು ಕೂರುತ್ತದೆ. ಬಣ್ಣ ಬಳಿದ, ಅರಗು ಹಚ್ಚಿದ, ದಂತ ಕೂರಿಸಿದ ವಸ್ತುಗಳಿಗೆ ಈ ಚಿಕಿತ್ಸೆ ಮನೆಯಲ್ಲಿ ಬೇಡ, ಪದರಗಳು ಎದ್ದುಬರಬಹುದು. ನಿಮ್ಮ ಖಾನೆಗಳು ಬರಿಯ ಮರವಾದ್ದರಿಂದ ಭಯವಿಲ್ಲ. ಆಮೇಲೆ ಬೋರಾಕ್ಸ್ ಆಧಾರಿತ ಮರರಕ್ಷಕ ದ್ರಾವಣವನ್ನು ಖಾನೆಗಳಿಗೆ ಬಳಿದರೆ ಹೊಸ ಹುಳು ಬರುವುದಿಲ್ಲ. ಪಾಲಿಶ್ ಇರುವ ಮೇಲ್ಮೈಯಲ್ಲಿ ಅದು ಒಳಗಿಳಿಯದು.

ತೂತುಗಳನ್ನು ಕೊನೆಗೆ ಮೇಣದಿಂದ ಮುಚ್ಚಿ. ಇದಕ್ಕೆ ಅಂದಕ್ಕಿಂತ ದೊಡ್ಡ ಕಾರಣವಿದೆ: ಹಳೆಯವು ಮುಚ್ಚಿದ್ದರೆ ಹೊಸದಾಗಿ ಒಂದು ತೂತು ಬಿದ್ದರೂ ತಕ್ಷಣ ಕಾಣುತ್ತದೆ.

ಇನ್ನೊಂದು ಮಾತು. ಖಾನೆಗಳು ಹೊರಗಿರುವಾಗಲೇ ಪೆಟ್ಟಿಗೆಯ ಹೊರಗಿನ ಆಳ ಅಳೆದು ಒಳಗಿನ ಆಳದೊಂದಿಗೆ ಹೋಲಿಸಿ ನೋಡಿ. ಹಳೆಯ ಗಲ್ಲಾಪೆಟ್ಟಿಗೆಗಳಲ್ಲಿ ಕಳ್ಳಖಾನೆ ಇಡುತ್ತಿದ್ದುದುಂಟು. ಹಲಗೆಯ ದಪ್ಪ ಕಳೆದ ಮೇಲೂ ಲೆಕ್ಕ ಕೂಡದಿದ್ದರೆ ಒಳಪಕ್ಕದ ಪಟ್ಟಿಗಳನ್ನು ಒಂದೊಂದಾಗಿ ಮೇಲಕ್ಕೆ, ಪಕ್ಕಕ್ಕೆ ಸರಿಸಿ ನೋಡಿ. ಬಲವಂತ ಮಾಡಬೇಡಿ. ಕಾಗದಪತ್ರ ಸಿಕ್ಕಿದರೆ ಮಡಿಕೆಯನ್ನು ಒಮ್ಮೆಲೇ ಬಿಚ್ಚಬೇಡಿ, ಮುರಿಯುತ್ತದೆ.

ಪ್ರಶ್ನೆ: ಚನ್ನಪಟ್ಟಣದ ಹಳೆ ಕುಂಕುಮದ ಭರಣಿಯ ಮೇಲೆ ಸ್ಯಾನಿಟೈಸರ್ ಚೆಲ್ಲಿತು. ಒರೆಸಿದ ಕಡೆ ಬಣ್ಣ ಬಟ್ಟೆಗೆ ಬಂದು ಮೇಲ್ಮೈ ಅಂಟಂಟಾಗಿದೆ. ಥಿನ್ನರ್ ಹಾಕಿ ಒರೆಸಲೇ?
(ಓದುಗರು, ಮಂಡ್ಯ)

ಉತ್ತರ: ಏನನ್ನೂ ಹಾಕಬೇಡಿ. ಆ ಬಣ್ಣ ಅರಗಿನದು. ಚರಕಿ ತಿರುಗುತ್ತಿರುವಾಗ ಹಾಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೆ ಕರಗಿಸಿ ಹಚ್ಚುತ್ತಾರೆ. ಆಮೇಲೆ ಗರಿಯಿಂದ ತೀಡಿ ಹೊಳಪು ಕೊಡುತ್ತಾರೆ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, ಸ್ಯಾನಿಟೈಸರಿನ ಬಹುಪಾಲು ಅದೇ. ಮುಟ್ಟದೆ, ದೂಳು ಬೀಳದ ಕಡೆ ಒಂದು ವಾರ ಬಿಡಿ, ಗಟ್ಟಿಯಾಗುತ್ತದೆ. ಕಲೆ ಉಳಿದರೆ ಚನ್ನಪಟ್ಟಣದ ಕುಶಲಕರ್ಮಿಗಳು ಅದನ್ನು ಮತ್ತೆ ಚರಕಿಗೆ ಹಾಕಿ ಅರಗು ಹಚ್ಚಿಕೊಡಬಲ್ಲರು. ಮನೆತನದ ಹಳೆಯ ವಸ್ತುವಾದರೆ ಕಲೆಯೊಂದಿಗೇ ಇಟ್ಟುಕೊಳ್ಳುವುದು ನನಗೆ ಇಷ್ಟ.

ಪ್ರಶ್ನೆ: ಮೈಸೂರಿನಲ್ಲಿದ್ದ ನಮ್ಮ ದೊಡ್ಡಪ್ಪ ಬಿಟ್ಟುಹೋದ ಬೀಟೆ ಮರದ ಆಭರಣದ ಪೆಟ್ಟಿಗೆಯ ಮೇಲೆ ಬಿಳಿಯ ಆನೆ, ಬಳ್ಳಿಗಳ ಕೂರಿಕೆ ಕೆಲಸವಿದೆ. ಕೆಲವು ಚೂರು ಬಿದ್ದುಹೋಗಿವೆ, ಕೆಲವು ಎದ್ದಿವೆ. ದಂತವೋ ಪ್ಲಾಸ್ಟಿಕ್ಕೋ ತಿಳಿಯದು. ಸರಿಮಾಡಿಸಿ ಅಮೆರಿಕದಲ್ಲಿರುವ ತಮ್ಮನಿಗೆ ಕೊಟ್ಟು ಕಳಿಸಬೇಕೆಂದಿದ್ದೇನೆ.
(ಓದುಗರು, ಶಿವಮೊಗ್ಗ)

ಉತ್ತರ: ಕಳಿಸುವ ವಿಚಾರ ಮೊದಲು ನಿಲ್ಲಿಸಿ. ಭೂತಗನ್ನಡಿ ಹಿಡಿದು ಬಿಳಿ ಚೂರುಗಳನ್ನು ನೋಡುವುದು ಮೊದಲ ಕೆಲಸ. ಅಡ್ಡ ಕತ್ತರಿಸಿದ ಆನೆದಂತದಲ್ಲಿ ಒಂದರ ಮೇಲೊಂದು ಹಾದುಹೋಗುವ ಸೂಕ್ಷ್ಮ ಬಾಗುಗೆರೆಗಳ ಬಲೆ ಕಾಣುತ್ತದೆ. ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕೆ, ಗೀರುಗಳು ಇರುತ್ತವೆ, ಅವು ರಕ್ತನಾಳ ಹಾದ ದಾರಿ. ಪ್ಲಾಸ್ಟಿಕ್ಕಿನಲ್ಲಿ ಏನೂ ಇರುವುದಿಲ್ಲ, ಇಲ್ಲವೆ ಅಚ್ಚುಕಟ್ಟಾದ ಸಮಾನಾಂತರ ಗೆರೆಗಳು. ಸಣ್ಣ ಚೂರುಗಳಲ್ಲಿ ಈ ಗುರುತು ಸಿಗದೆಯೂ ಇರಬಹುದು. ಕಾಯಿಸಿದ ಸೂಜಿ ಚುಚ್ಚಿ ಪರೀಕ್ಷಿಸಬೇಡಿ. ಮೈಸೂರಿನ ಕೂರಿಕೆ ಕೆಲಸಕ್ಕೆ ಹಿಂದೆ ದಂತ ಬಳಸುತ್ತಿದ್ದರು. ಅಂಬಾವಿಲಾಸ ಅರಮನೆಯ ಬೀಟೆ ಬಾಗಿಲಿನಲ್ಲಿ ಅದರ ಉತ್ತುಂಗ ನೋಡಬಹುದು. ಈಗ ಕುಶಲಕರ್ಮಿಗಳು ಬೇರೆಬೇರೆ ಬಣ್ಣದ ಮರಗಳನ್ನೂ ಪ್ಲಾಸ್ಟಿಕ್ಕನ್ನೂ ಬಳಸುತ್ತಾರೆ.

ದಂತವೇ ಆಗಿದ್ದರೆ ಅದನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ಭಾರತದ ದಂತದ ವ್ಯಾಪಾರವನ್ನೂ, 1991ರ ತಿದ್ದುಪಡಿ ಆಫ್ರಿಕಾದಿಂದ ಬಂದ ದಂತದ ವ್ಯಾಪಾರವನ್ನೂ ನಿಲ್ಲಿಸಿದವು. ವಂಶಪಾರಂಪರ್ಯವಾಗಿ ಬಂದದ್ದನ್ನು ಇಟ್ಟುಕೊಳ್ಳಲೂ ಒಡೆತನದ ಪ್ರಮಾಣಪತ್ರದ ವಿಚಾರ ಬರುತ್ತದೆ. ದೊಡ್ಡಪ್ಪನ ಕಾಗದಗಳಲ್ಲಿ ಅದು ಇದೆಯೇ ಹುಡುಕಿ, ಇಲ್ಲದಿದ್ದರೆ ಮುಚ್ಚಿಡದೆ ಅರಣ್ಯ ಇಲಾಖೆಯ ವನ್ಯಜೀವಿ ವಿಭಾಗವನ್ನು ಕೇಳಿ. ಅಮೆರಿಕವೂ 2016ರಿಂದ ಆನೆದಂತದ ನಿಯಮಗಳನ್ನು ಬಹಳ ಬಿಗಿಮಾಡಿದೆ.

ದಂತವಲ್ಲ ಎಂದಾದರೂ ಎರಡು ತಡೆಗಳಿವೆ. ನೂರು ವರ್ಷ ದಾಟಿದ ಕಲಾವಸ್ತು 1972ರ ಪ್ರಾಚೀನ ವಸ್ತುಗಳ ಕಾಯ್ದೆಗೆ ಒಳಪಡುತ್ತದೆ. ಅದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ವಯಸ್ಸು ಅಷ್ಟಾಗಿಲ್ಲ ಎಂದಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಇದು ಪ್ರಾಚೀನ ವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆಯಬಹುದು. ಬೀಟೆ ಜಾತಿಯ ಮರಗಳೆಲ್ಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ, ಆ ನಿಯಮವನ್ನೂ ವಿಚಾರಿಸಿಕೊಳ್ಳಿ. ಕಾನೂನಿನ ಮಾತು ಬಿಟ್ಟರೂ ಆ ಪೆಟ್ಟಿಗೆ ಅಲ್ಲಿ ಸುಖವಾಗಿರುವುದು ಅನುಮಾನ. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯೊಳಗಿನ ಗಾಳಿ ನಮ್ಮ ಬೇಸಿಗೆಗಿಂತ ಒಣಗಿರುತ್ತದೆ. ಬೀಟೆ ಕುಗ್ಗಿದಾಗ ಅದರಲ್ಲಿ ಕೂತ ಬಿಳಿ ಚೂರು ಅದರ ಜತೆ ಕುಗ್ಗದು, ಎದ್ದು ಉದುರುತ್ತದೆ. ಈಗ ಎದ್ದಿರುವ ಚೂರುಗಳಿಗೂ ಬಹುಶಃ ಇದೇ ಕಾರಣ.

ರಿಪೇರಿಗೆ ಬಂದರೆ, ಬಿದ್ದ ಪ್ರತಿ ಚೂರನ್ನೂ ಸಣ್ಣ ಲಕೋಟೆಯಲ್ಲಿ ಹಾಕಿ, ಯಾವ ಜಾಗದ್ದೆಂದು ಫೋಟೋ ಮೇಲೆ ಗುರುತು ಮಾಡಿ. ಎದ್ದಿರುವುದನ್ನು ಕಿತ್ತು ತೆಗೆಯಬೇಡಿ, ಮೇಲೆ ಬಟ್ಟೆ ಆಡಿಸಬೇಡಿ, ಎಳೆ ಸಿಕ್ಕಿಕೊಂಡರೆ ಚೂರು ಹಾರಿಹೋಗುತ್ತದೆ. ನೀರು ತಾಗಿಸಬೇಡಿ, ತೆಳು ದಂತ ತೇವಕ್ಕೆ ಸುರುಳಿಯಾಗುತ್ತದೆ. ನಿಂಬೆರಸ ಹಾಕಿ ಬಿಳಿಮಾಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಹುಳಿ ಅದನ್ನು ಕೊರೆಯುತ್ತದೆ. ಕಳೆದುಹೋದ ಚೂರುಗಳ ಜಾಗಕ್ಕೆ ತಿಳಿಬಣ್ಣದ ಮರ ಕೂರಿಸಿದರೆ ಸಾಕು. ಹತ್ತಿರದಿಂದ ನೋಡಿದವರಿಗೆ ಹೊಸದು ಯಾವುದು ಎಂದು ತಿಳಿದರೆ ತಪ್ಪೇನಿಲ್ಲ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಮೈಸೂರಿನಲ್ಲಿ ರಾಷ್ಟ್ರೀಯ ಸಾಂಸ್ಕೃತಿಕ ಸ್ವತ್ತುಗಳ ಸಂರಕ್ಷಣಾ ಸಂಶೋಧನಾಲಯದ ಪ್ರಾದೇಶಿಕ ಪ್ರಯೋಗಾಲಯವಿದೆ, ಬೆಂಗಳೂರಿನಲ್ಲಿ ಇನ್‌ಟ್ಯಾಕ್‌ನ ಕಲಾ ಸಂರಕ್ಷಣಾ ಕೇಂದ್ರವಿದೆ. ಪೆಟ್ಟಿಗೆ ಒಯ್ಯುವ ಮೊದಲು ಫೋಟೋ ಕಳಿಸಿ ಸಲಹೆ ಕೇಳಿ.

ಪ್ರಶ್ನೆ: ಸೊರಬದ ಗುಡಿಗಾರರು ಕೆತ್ತಿದ ಗಂಧದ ಪೆಟ್ಟಿಗೆಯ ಪರಿಮಳ ಕಡಿಮೆಯಾಗಿದೆ. ಮರಳು ಕಾಗದದಿಂದ ಉಜ್ಜಿದರೆ ಮತ್ತೆ ಬರುತ್ತದಂತೆ. ಹೌದೇ?
(ಓದುಗರು, ಶಿರಸಿ)

ಉತ್ತರ: ಬರುತ್ತದೆ, ಕೆತ್ತನೆಯ ಅಂಚು ಹೋಗುತ್ತದೆ. ಅಷ್ಟು ಬೆಲೆ ಕೊಡಬೇಡಿ. ಸಂದುಗಳಲ್ಲಿ ಕೂತ ದೂಳನ್ನು ಮೆತ್ತನೆಯ ಒಣ ಬ್ರಷ್‌ನಿಂದ ತೆಗೆದು, ಮುಚ್ಚಿದ ಗಾಜಿನ ಕಪಾಟಿನಲ್ಲಿಡಿ. ತೆರೆದಾಗಲೆಲ್ಲ ಪರಿಮಳ ಸಿಗುತ್ತದೆ. ವಾರ್ನಿಶ್ ಬೇಡ, ಹೊರಗಿನಿಂದ ಗಂಧದೆಣ್ಣೆ ಹಚ್ಚುವುದೂ ಬೇಡ.

ಪ್ರಶ್ನೆ: ಹಳೆ ಸಾಮಾನು ಕೊಳ್ಳುವವರೊಬ್ಬರು ನಮ್ಮ ತೇಗದ ಪೆಟ್ಟಿಗೆ ಇನ್ನೂರು ವರ್ಷದ್ದು ಎನ್ನುತ್ತಾ ಹಿತ್ತಾಳೆ ಪಟ್ಟಿಗಳನ್ನು ಹುಣಸೆಹಣ್ಣು ಹಾಕಿ ಬೆಳಗಿಸಲು ಹೇಳಿದ್ದಾರೆ. ವಯಸ್ಸು ತಿಳಿಯುವುದು ಹೇಗೆ?
(ಓದುಗರು, ಕಲಬುರಗಿ)

ಉತ್ತರ: ಒಂದು ಸ್ಕ್ರೂ ಬಿಚ್ಚಿ ನೋಡಿ. ಮೊನೆ ಚೂಪಾಗಿದ್ದು ಸುತ್ತುಗಳು ಒಂದೇ ಸಮ ಇದ್ದರೆ ಅದು ಯಂತ್ರದಲ್ಲಿ ಮಾಡಿದ್ದು. ಅಂಥವು ಬಳಕೆಗೆ ಬಂದದ್ದು 19ನೇ ಶತಮಾನದ ನಡುಭಾಗದಲ್ಲಿ, ಅದಕ್ಕೂ ಹಳೆಯವು ಮೊಂಡುಮೊನೆಯವು. ತಲೆಯ ಮೇಲೆ ಕೂಡು ಚಿಹ್ನೆ ಇದ್ದರೆ 1930ರ ದಶಕಕ್ಕಿಂತ ಹಳೆಯದಲ್ಲ. ಆದರೆ ಸ್ಕ್ರೂ ಮಾತ್ರ ಆಮೇಲೆ ಬದಲಾಗಿರಬಹುದು. ಆದ್ದರಿಂದ ಪಟ್ಟಿಯ ಕೆಳಗೆ ಹಳೆಯ ತೂತುಗಳಿವೆಯೇ, ಮರದ ಬಣ್ಣ ಪಟ್ಟಿಯ ಆಕಾರಕ್ಕೆ ಸರಿಯಾಗಿ ಮಾಸಿದೆಯೇ ನೋಡಿ. ಹುಣಸೆಹುಳಿ ಪಟ್ಟಿಯ ಅಂಚಿನಿಂದ ಮರಕ್ಕಿಳಿದು ಕಲೆಮಾಡುತ್ತದೆ. ಪಾಲಿಶ್ ಪೇಸ್ಟ್ ಸಂದುಗಳಲ್ಲಿ ಬಿಳಿಯಾಗಿ ಒಣಗಿ ಕೂರುತ್ತದೆ. ಒಣಬಟ್ಟೆಯಿಂದ ಒರೆಸಿದಷ್ಟೇ ಹೊಳಪು ಸಾಕು. ಮೊಳೆಯ ಸುತ್ತ ಮರ ಕಪ್ಪಾಗಿದ್ದರೆ ಅದು ಕಬ್ಬಿಣ ಮರದ ಒಗರಿನೊಂದಿಗೆ ಸೇರಿ ಆದದ್ದು, ಕೊಳೆಯಲ್ಲ, ತಿಕ್ಕಬೇಡಿ.

ಪ್ರಶ್ನೆ: ಅಪ್ಪನ ದಾಖಲೆಗಳಿರುವ ಪೆಟ್ಟಿಗೆಯ ಬೀಗದಕೈ ಕಳೆದಿದೆ. ಬೀಗ ರಿಪೇರಿಯವರು ಮುಂಭಾಗ ಕೊರೆದು ತೆಗೆಯೋಣ ಎನ್ನುತ್ತಾರೆ. ಅಣ್ಣನಿಗೆ ಅವಸರ, ನನಗೆ ಮನಸ್ಸಿಲ್ಲ.
(ಓದುಗರು, ತುಮಕೂರು)

ಉತ್ತರ: ಅಣ್ಣನಿಗೆ ಒಂದು ವಾರ ತಾಳ್ಮೆ ಕೇಳಿ. ಮನೆಯಲ್ಲಿರುವ ಹಳೆಯ ಬೀಗದಕೈಗಳನ್ನೆಲ್ಲ ಒಟ್ಟುಮಾಡಿ, ಬಂಧುಗಳ ಮನೆಯಲ್ಲಿರುವುದನ್ನೂ ತರಿಸಿ ಒಂದೊಂದಾಗಿ ಹಾಕಿ ನೋಡಿ. ಹಳೆಯ ಪೆಟ್ಟಿಗೆಗಳ ಬೀಗ ಸರಳವಾದವು, ಬೇರೆ ಪೆಟ್ಟಿಗೆಯ ಕೈ ಹೊಂದಿಬಿಡುವುದು ಅಪರೂಪವಲ್ಲ. ಮೆಲ್ಲಗೆ ತಿರುಗಿಸಿ, ಬಿಗಿಯಾದರೆ ಬಿಡಿ. ಒಳಗೆ ಕೈ ಮುರಿದರೆ ಕಷ್ಟ ಎರಡಾಗುತ್ತದೆ. ಬೀಗದ ತೂತಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ, ದೂಳು ಕಲೆತು ಗೋಂದಾಗುತ್ತದೆ. ಪೆನ್ಸಿಲ್ ಸೀಸದ ಪುಡಿಯನ್ನು ಕಾಗದದ ಕೊಳವೆಯಿಂದ ಊದಿ.

ಅದಾಗದಿದ್ದರೆ ಹಿಂಬದಿ ನೋಡಿ. ಕೀಲುಗಳ ಕಡ್ಡಿ ಹೊರಗೆ ಕಾಣುವಂತಿದ್ದರೆ ತೆಳು ಮೊಳೆಯಿಂದ ತಟ್ಟಿ ಅದನ್ನು ಹೊರತೆಗೆದು ಮುಚ್ಚಳವನ್ನು ಹಿಂದಿನಿಂದ ಎತ್ತಬಹುದು. ಕೀಲು ಒಳಗಿದ್ದರೆ ಪೆಟ್ಟಿಗೆ ಮಗುಚಿ ತಳ ನೋಡಿ. ತಳದ ಹಲಗೆಯನ್ನು ಕೆಳಗಿನಿಂದ ಮೊಳೆ ಹೊಡೆದೋ ಸ್ಕ್ರೂ ಹಾಕಿಯೋ ಕೂರಿಸಿದ್ದರೆ ಅದನ್ನು ಬಿಚ್ಚುವುದು ಮುಂಭಾಗ ಕೊರೆಯುವುದಕ್ಕಿಂತ ಎಷ್ಟೋ ಮೇಲು. ಮಗುಚುವ ಮೊದಲು ಮೆಲ್ಲಗೆ ಓರೆ ಮಾಡಿ ಸದ್ದು ಕೇಳಿ, ಗಾಜಿನ ಸಾಮಾನು ಏನಾದರೂ ಇರಬಹುದು. ಪೆಟ್ಟಿಗೆ ತೆರೆದ ಮೇಲೆ ಒಳಗಿನಿಂದ ಬೀಗವನ್ನು ಬಿಚ್ಚಿ, ಅದನ್ನೇ ಬೀಗದಕೈ ಮಾಡುವವರ ಬಳಿ ಒಯ್ಯಿರಿ. ಬೀಗ ಕೈಯಲ್ಲಿದ್ದರೆ ಅದರ ಒಳಗಿನ ಹಲ್ಲುಗಳನ್ನು ನೋಡಿಯೇ ಅವರು ಕೈ ಅರೆದುಕೊಡುತ್ತಾರೆ. ಎರಡು ಪ್ರತಿ ಮಾಡಿಸಿ, ಒಂದನ್ನು ಅಣ್ಣನ ಮನೆಯಲ್ಲಿಡಿ.